ತರುಣ ಪಲ್ಸಾರ್‌ಗಳ ಅಭಿಜ್ಞಾನವೂ ಕಾಲನಿರ್ಣಯವೂ

ಹಿಂದೆ ಕಲಾದಗಿ ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ಸೀಮೆಯಲ್ಲಿ ಎರಡು ಶಾಸನಗಳು ಕನ್ನಡ ವಿದ್ವಾಂಸರೆಲ್ಲರಿಗೂ ಪರಿಚಿತವಾಗಿವೆ. ಹುನಗುಂದ ತಾಲೂಕಿನ ಐಹೊಳೆಯಲ್ಲಿ ಮೇಗುಟಿಯ ಜಿನಾಲಯದ ಗೋಡೆಯ ಮೇಲಿರುವ ರವಿಕೀರ್ತಿಯ ಶಾಸನವು ತನ್ನ ಕಾಲವನ್ನು ತಾನೇ ಹೇಳುತ್ತದೆ. ಭಾರತಯುದ್ಧದಿಂದ ೩೭೩೫ ವರ್ಷಗಳೂ ಶಕಕಾಲದ ೫೫೬ ವರ್ಷಗಳೂ ಸಂದಿರುವಲ್ಲಿ ಆ ಆಲಯವು ನಿರ್ಮಿತವಾಯಿತೆಂದು ಅದರಲ್ಲಿ ಉಕ್ತವಾಗಿರುವುದರಿಂದ ಕ್ರಿ. ಶ. ೬೩೪-೩೫ ಎಂಬ ಕಾಲವು ವಿವಾದವಿಲ್ಲದೆ ದೊರೆಯುತ್ತದೆ. ಬಾದಾಮಿಯ ಬಂಡೆಯ ಮೇಲಣ ಕಪ್ಪೆ ಅರಭಟ್ಟನ ಶಾಸನದ ಗತಿಯು ಬೇರೆ. ಕನ್ನಡದ ತ್ರಿಪದಿಯ ಅತಿ ಪ್ರಾಚೀನ ನಿದರ್ಶನವನ್ನುಳಿಸಿಕೊಟ್ಟ ಆ ಶಾಸನದಲ್ಲಿ ವರ್ಷದ ಉಲ್ಲೇಖವೇ ಇಲ್ಲ. ಅದರ ಅಕ್ಷರಗಳ ರೂಪವನ್ನು ಕಾಲ ತಿಳಿದ ಇತರ ಶಾಸನಗಳ ಅಕ್ಷರಗಳೊಡನೆ ಹೋಲಿಸಿ, ಕ್ರಿ. ಶ. ೭೦೦ರ ಸುಮಾರಿನದೆಂದು ವಿದ್ವಾಂಸರು ಊಹಿಸಿದ್ದಾರೆ. ಮೊದಲನೆಯದು ಶಬ್ದಪ್ರಮಾಣದಿಂದ ದೊರೆತ ಕಾಲ. ಎರಡನೆಯದು ಅನುಮಾನಪ್ರಮಾಣದಿಂದ ದೊರೆತ ಕಾಲ. ಮೊದಲನೆಯ ಬಗೆಯ ಶಾಸನಗಳು ಇಲ್ಲದೆ ಹೋಗಿದ್ದರೆ ಎರಡನೆಯ ಬಗೆಯ ಅನುಮಾನಕ್ಕೆ ಆಧಾರವೇ ಇರುತ್ತಿರಲಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಆಕಾಶದಲ್ಲಿಯೂ ಕಾಲನಿರ್ಣಯವನ್ನು ಬೇಡುವ ವಸ್ತುಗಳಿವೆ. ಸ್ಫೋಟಗೊಂಡ ಮಹಾತಾರೆಗಳ ಅವಶೇಷಗಳಲ್ಲಿ ಅಡಗಿರುವ ಪಲ್ಸಾರ್‌ಗಳೂ ಅವುಗಳನ್ನು ಸುತ್ತಿಕೊಂಡಿರುವ ನೀಹಾರಿಕೆಗಳೂ ಅಂತಹವು. ಇವುಗಳನ್ನು ಗುರುತಿಸುವುದಕ್ಕೆ ಭೂಮಿಯ ವಾಯುಮಂಡಲದ ಹೊರಗಿನಿಂದ ಮಾಡುವ ಕ್ಷ-ಕಿರಣಗಳ ವೀಕ್ಷಣವು ಮುಖ್ಯ ಸಾಧನವಾಗಿದೆ. ಆ ಗುರುತಿಸುವಿಕೆಯ ಕ್ರಮವೇನು, ಅದರಲ್ಲಿ ಕರ್ನಾಟಕದ ಪಾಲೆಷ್ಟು, ಹಾಗೂ ಶಾಸನ-ಗ್ರಂಥಗಳನ್ನು ಓದುವವರಿಗೆ ಅದರಿಂದ ಒದಗುವ ಕರ್ತವ್ಯವೇನು ಎಂಬ ಮೂರು ವಿಷಯಗಳು ಇಲ್ಲಿ ಕ್ರಮವಾಗಿ ವಿವೇಚಿಸಲ್ಪಡುತ್ತವೆ.

೧. ಪಲ್ಸಾರ್‌ನ ಸ್ವರೂಪ

ಸೂರ್ಯನಿಗಿಂತ ಎಂಟು ಮಡಿಗಿಂತಲೂ ಹೆಚ್ಚು ದ್ರವ್ಯವುಳ್ಳ ತಾರೆಯು ತನ್ನ ಇಂಧನವನ್ನು ಮುಗಿಸಿದಾಗ ಅದರ ಗರ್ಭವು ತನ್ನ ಭಾರದಿಂದಲೇ ಕುಸಿಯುತ್ತದೆ. ಹೊರಗಿನ ಪದರಗಳು ಮಹಾಸ್ಫೋಟದಿಂದ ಚೆದರುತ್ತವೆ. ಕುಸಿದ ಗರ್ಭವು ನ್ಯೂಟ್ರಾನ್ ತಾರೆಯಾಗಿ ಉಳಿಯಬಹುದೆಂದು ೧೯೩೪ರಲ್ಲಿ ಬಾಡೆ ಮತ್ತು ಜ್ವಿಕಿ ಎಂಬ ವಿದ್ವಾಂಸರು ಸೂಚಿಸಿದರು. ಅಂತಹ ತಾರೆಯಲ್ಲಿ ಸೂರ್ಯನಿಗಿಂತ ಒಂದೂವರೆ ಪಾಲಿನಷ್ಟು ದ್ರವ್ಯವು ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರುಗಳ ವ್ಯಾಸದೊಳಗೆ ಅಡಕವಾಗಿರುತ್ತದೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವಷ್ಟು ದೂರದಲ್ಲಿ ಸೂರ್ಯನಿಗಿಂತ ಭಾರವಾದ ಒಂದು ಗೋಳವು ಹಿಡಿಸಿದೆಯೆಂದು ಭಾವಿಸಿದರೆ ಅದರ ಸಾಂದ್ರತೆಯು ಮನಸ್ಸಿಗೆ ಗೋಚರವಾದೀತು.

ತಿರುಗುವ ವಸ್ತುವು ಸಂಕುಚಿತವಾದಷ್ಟೂ ಅದರ ಭ್ರಮಣವೇಗವು ಹೆಚ್ಚುವುದು. ಆದಕಾರಣ ಈ ತಾರೆಯು ಹುಟ್ಟುವಾಗಲೇ ಸೆಕೆಂಡಿಗೆ ಹಲವು ಸಲ ತಿರುಗುತ್ತಿರುತ್ತದೆ. ಅದರ ಅಯಸ್ಕಾಂತಶಕ್ತಿಯೂ ಅತ್ಯಂತ ಪ್ರಬಲವಾಗಿರುತ್ತದೆ. ಅದರಿಂದ ಹೊರಡುವ ಕಿರಣದ ಧಾರೆಯು ದೀಪಸ್ತಂಭದ ಬೆಳಕಿನಂತೆ ಸುತ್ತುತ್ತ ನಮ್ಮ ದಿಕ್ಕಿಗೆ ಬಂದಾಗಲೊಮ್ಮೆ ಒಂದು ಮಿಡಿತವು ಕಾಣುತ್ತದೆ. ಇಂತಹ ಮಿಡಿತವನ್ನು ಮೊದಲು ೧೯೬೭ರಲ್ಲಿ ಕೇಂಬ್ರಿಜ್ಜಿನಲ್ಲಿ ಜಾಸೆಲಿನ್ ಬೆಲ್ ಎಂಬ ವಿದ್ಯಾರ್ಥಿನಿಯು ರೇಡಿಯೋ ತರಂಗಗಳಲ್ಲಿ ಕಂಡರು. ಪಲ್ಸಾರ್ ಎಂಬ ಹೆಸರು ಅನಂತರ ರೂಢವಾಯಿತು.

ಪಲ್ಸಾರ್‌ನ ಭ್ರಮಣವು ನಿತ್ಯವಲ್ಲ, ದಿನದಿನಕ್ಕೆ ಮಂದವಾಗುತ್ತದೆ. ಹಾಗೆ ಕಳೆದ ಶಕ್ತಿಯ ಬಹುಭಾಗವು ಬೆಳಕಿನ ವೇಗಕ್ಕೆ ಸಮೀಪವಾದ ವೇಗವುಳ್ಳ ಎಲೆಕ್ಟ್ರಾನು ಮೊದಲಾದ ಕಣಗಳ ಗಾಳಿಯಾಗಿ ಹೊರಡುತ್ತದೆ. ಈ ಗಾಳಿಯು ಸುತ್ತಲಿನ ಸ್ಫೋಟಾವಶೇಷಕ್ಕೆ ಬಡಿದು ತಡೆಯಲ್ಪಟ್ಟಾಗ, ಕಣಗಳು ಅಯಸ್ಕಾಂತಕ್ಷೇತ್ರದಲ್ಲಿ ಸುತ್ತುತ್ತ ರೇಡಿಯೋದಿಂದ ಕ್ಷ-ಕಿರಣದವರೆಗೆ ಎಲ್ಲ ಬಗೆಯ ಕಿರಣಗಳನ್ನೂ ಸೂಸುತ್ತವೆ. ಇದೇ ಪಲ್ಸಾರ್‌ನ ನೀಹಾರಿಕೆ. ವೃಷಭರಾಶಿಯ ಕೊಂಬಿನ ತುದಿಯಲ್ಲಿರುವ ಏಡಿ ನೀಹಾರಿಕೆಯು ಇವುಗಳಲ್ಲಿ ಸುಪ್ರಸಿದ್ಧವಾದುದು. ಅದರ ದೂರವು ಸುಮಾರು ೬೫೦೦ ಜ್ಯೋತಿರ್ವರ್ಷಗಳು. ಅದರ ನಡುವಿನ ಪಲ್ಸಾರ್ ಸೆಕೆಂಡಿಗೆ ಸುಮಾರು ಮೂವತ್ತು ಸಲ ತಿರುಗುತ್ತ, ಸೂರ್ಯನ ಒಟ್ಟು ತೇಜಸ್ಸಿಗಿಂತ ಲಕ್ಷ ಮಡಿ ಶಕ್ತಿಯನ್ನು ವ್ಯಯಿಸುತ್ತಿದೆ.

೨. ಕ್ಷ-ಕಿರಣವೀಕ್ಷಣದ ಇತಿಹಾಸ

ಭೂಮಿಯ ವಾಯುಮಂಡಲವು ಕ್ಷ-ಕಿರಣಗಳನ್ನು ನುಂಗಿಬಿಡುತ್ತದೆ. ಆದುದರಿಂದ ಎಷ್ಟು ದೊಡ್ಡ ದೂರದರ್ಶಕವನ್ನು ಎಂತಹ ಬೆಟ್ಟದ ಮೇಲಿಟ್ಟರೂ ಆಕಾಶದ ಕ್ಷ-ಕಿರಣಗಳು ಅದಕ್ಕೆ ದೊರೆಯವು. ಯಂತ್ರವನ್ನು ರಾಕೆಟ್ಟಿನಲ್ಲಿಯೋ ಎತ್ತರಕ್ಕೇರುವ ಬೆಲೂನಿನಲ್ಲಿಯೋ ಉಪಗ್ರಹದಲ್ಲಿಯೋ ಮೇಲಕ್ಕೆ ಕಳುಹಲೇಬೇಕು. ೧೯೬೨ರಲ್ಲಿ ಜಕೋನಿಯವರ ತಂಡವು ಹಾರಿಸಿದ ರಾಕೆಟ್ಟು ಸೌರಮಂಡಲದ ಹೊರಗಿನ ಮೊದಲನೆಯ ಕ್ಷ-ಕಿರಣಾಕರವನ್ನು ವೃಶ್ಚಿಕರಾಶಿಯಲ್ಲಿ ಕಂಡಿತು. ಏಡಿ ನೀಹಾರಿಕೆಯೂ ಕ್ಷ-ಕಿರಣಗಳನ್ನು ಬೀರುವುದೆಂಬುದು ಸ್ವಲ್ಪ ಕಾಲದಲ್ಲಿಯೇ ತಿಳಿಯಿತು.

ಆ ಕಿರಣಗಳು ನಡುವಿನ ಒಂದು ಬಿಂದುವಿನಿಂದ ಬರುವುವೋ ಇಡಿಯ ನೀಹಾರಿಕೆಯಿಂದ ಬರುವುವೋ ಎಂಬ ಪ್ರಶ್ನೆಯು ಆಗ ಎದ್ದಿತು. ಅದನ್ನು ಬಗೆಹರಿಸಲು ಫ್ರೀಡ್‌ಮನ್ ಮೊದಲಾದವರು ಚಂದ್ರನನ್ನೇ ಉಪಕರಣವಾಗಿ ಬಳಸಿದರು. ೧೯೬೪ರ ಜುಲೈ ೭ರಂದು ಚಂದ್ರಬಿಂಬವು ನೀಹಾರಿಕೆಯನ್ನು ಮರೆಮಾಡುವ ಸಮಯಕ್ಕೆ ಸರಿಯಾಗಿ ರಾಕೆಟ್ಟನ್ನು ಹಾರಿಸಲಾಯಿತು. ಬಿಂದುವಿನಿಂದ ಬರುವ ಬೆಳಕಾಗಿದ್ದರೆ ಅದು ತಟ್ಟನೆ ಅಡಗಬೇಕಾಗಿತ್ತು. ಆದರೆ ಮೆಲ್ಲಮೆಲ್ಲನೆ ಕುಂದಿತು. ಕಿರಣಗಳ ಬಹುಭಾಗವು ವಿಸ್ತಾರವುಳ್ಳ ನೀಹಾರಿಕೆಯದೆಂದು ಇದರಿಂದ ಸಿದ್ಧವಾಯಿತು. ನ್ಯೂಟ್ರಾನ್ ತಾರೆಯನ್ನು ಹುಡುಕುತ್ತಿದ್ದವರಿಗೆ ಇದು ಆಶಾಭಂಗವೇ ಆಯಿತೆನ್ನಬಹುದು. ಆದರೆ ೧೯೬೮ರಲ್ಲಿ ಅದೇ ನೀಹಾರಿಕೆಯಿಂದ ರೇಡಿಯೋ ಮಿಡಿತಗಳು ದೊರೆತುವು. ೧೯೬೯ರಲ್ಲಿ ಕ್ಷ-ಕಿರಣಗಳಲ್ಲಿಯೂ ಅದೇ ಮಿಡಿತವು ಕಂಡಿತು. ಬಿಂದುವೂ ಉಂಟು, ವಿಸ್ತಾರವೂ ಉಂಟು. ವಿಸ್ತಾರಕ್ಕೆ ಬಿಂದುವೇ ಕಾರಣವೆಂಬುದು ಆಗ ಸ್ಪಷ್ಟವಾಯಿತು.

ಈ ಶಾಸ್ತ್ರದಲ್ಲಿ ಕರ್ನಾಟಕದ ಪಾಲು ಅಲ್ಪವಲ್ಲ. ೧೯೭೫ರ ಏಪ್ರಿಲ್ ೧೯ರಂದು ಮೇಲೇರಿದ ಆರ್ಯಭಟವೆಂಬ ಭಾರತದ ಪ್ರಥಮ ಉಪಗ್ರಹವು ಬೆಂಗಳೂರಿನ ಪೀಣ್ಯದಲ್ಲಿ ಉಡುಪಿ ಸೀಮೆಯವರಾದ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ನಿರ್ಮಿತವಾಗಿದ್ದು, ಅದರಲ್ಲಿ ಕ್ಷ-ಕಿರಣಗಳ ಯಂತ್ರವೊಂದಿದ್ದಿತು. ವಿದ್ಯುತ್ತಿನ ಪೂರೈಕೆಯ ದೋಷದಿಂದ ಆ ಪ್ರಯೋಗವು ಕೆಲವೇ ದಿನಗಳಲ್ಲಿ ನಿಂತರೂ ಬೀಜವು ವ್ಯರ್ಥವಾಗಲಿಲ್ಲ. ನಾಲ್ವತ್ತು ವರ್ಷಗಳ ತರುವಾಯ, ೨೦೧೫ರ ಸೆಪ್ಟೆಂಬರ್ ೨೮ರಂದು, ಆಸ್ಟ್ರೋಸ್ಯಾಟ್ ಎಂಬ ಖಗೋಳವೀಕ್ಷಣಾಲಯವು ಶ್ರೀಹರಿಕೋಟೆಯಿಂದ ಸುಮಾರು ೬೫೦ ಕಿಲೋಮೀಟರುಗಳ ಎತ್ತರದ ಕಕ್ಷೆಗೆ ಏರಿತು. ಮುಂಬಯಿ, ಪುಣೆ, ಅಹಮದಾಬಾದು ಮೊದಲಾದ ಕಡೆಯ ಸಂಸ್ಥೆಗಳೊಡನೆ ಬೆಂಗಳೂರಿನ ಸಂಸ್ಥೆಗಳೂ ಅದರಲ್ಲಿ ದುಡಿದಿವೆ. ಅದರ ಒಂದು ಯಂತ್ರದಿಂದ ಏಡಿ ಪಲ್ಸಾರ್‌ನ ಕಠಿಣ ಕ್ಷ-ಕಿರಣಗಳ ಧ್ರುವೀಕರಣವನ್ನು, ಎಂದರೆ ಕಿರಣದ ಕಂಪನಗಳು ಯಾವ ದಿಕ್ಕಿಗೆ ಒಲಿದಿವೆಯೆಂಬುದನ್ನು, ಅಳೆದು ೨೦೧೭ರಲ್ಲಿ ಪ್ರಕಟಿಸಲಾಯಿತು. ಮಿಡಿತವು ಅಡಗಿರುವ ಕ್ಷಣಗಳಲ್ಲಿಯೂ ಧ್ರುವೀಕರಣವು ವ್ಯತ್ಯಾಸಗೊಳ್ಳುತ್ತಿದ್ದುದು ಆ ಅಳತೆಯ ಅನಿರೀಕ್ಷಿತ ಫಲ. ೨೦೨೪ರ ಜನವರಿ ೧ರಂದು ಹಾರಿಸಲ್ಪಟ್ಟ ಎಕ್ಸ್‌ಪೋಸ್ಯಾಟ್ ಎಂಬ ಉಪಗ್ರಹದ ಮುಖ್ಯ ಯಂತ್ರವನ್ನು ಬೆಂಗಳೂರಿನ ರಾಮನ್ ಸಂಶೋಧನಾಲಯವು ನಿರ್ಮಿಸಿತು. ಅದೇ ತಿಂಗಳಲ್ಲಿ ಆ ಯಂತ್ರವು ಏಡಿ ಪಲ್ಸಾರ್‌ನ ಮಿಡಿತವನ್ನು ದಾಖಲಿಸಿತು.

ಆ ಸಂಶೋಧನಾಲಯಕ್ಕೂ ಪಲ್ಸಾರ್‌ಗಳಿಗೂ ಇರುವ ಸಂಬಂಧವು ಇನ್ನೂ ಹಳೆಯದು. ೧೯೭೨ರಿಂದ ಅದರ ನಿರ್ದೇಶಕರಾಗಿದ್ದ ವಿ. ರಾಧಾಕೃಷ್ಣನ್ ಅವರು ಅದಕ್ಕೆ ಮೊದಲೇ, ೧೯೬೯ರಲ್ಲಿ, ಆಸ್ಟ್ರೇಲಿಯಾದಲ್ಲಿದ್ದುಕೊಂಡು ದಕ್ಷಿಣಾಕಾಶದ ವೇಲಾ ಪಲ್ಸಾರ್‌ನ ರೇಡಿಯೋ ಧ್ರುವೀಕರಣವನ್ನು ಪರಿಶೀಲಿಸಿ, ಕಿರಣಧಾರೆಯು ತಾರೆಯ ಅಯಸ್ಕಾಂತಧ್ರುವದ ಬಳಿಯಿಂದ ಹೊರಡುವುದೆಂಬ ಮತಕ್ಕೆ ದೃಢವಾದ ಆಧಾರವನ್ನು ಒದಗಿಸಿದ್ದರು.

೩. ಅಭಿಜ್ಞಾನದ ಲಕ್ಷಣಗಳು

ಆಕಾಶದಲ್ಲಿ ಕ್ಷ-ಕಿರಣಗಳನ್ನು ಬೀರುವ ವಸ್ತುಗಳು ಬಹುವಿಧವಾಗಿವೆ. ಅವುಗಳಲ್ಲಿ ತರುಣ ಪಲ್ಸಾರ್‌ನ ನೀಹಾರಿಕೆಯನ್ನು ಬೇರ್ಪಡಿಸಿ ಗುರುತಿಸುವುದು ಹೇಗೆ? ಇದಕ್ಕೆ ಮುಖ್ಯವಾಗಿ ನಾಲ್ಕು ಲಕ್ಷಣಗಳು ಹೇಳಲ್ಪಡುತ್ತವೆ.

ಒಂದನೆಯದು ಆಕಾರ. ಸ್ಫೋಟದ ಅವಶೇಷವು ಸಾಮಾನ್ಯವಾಗಿ ಟೊಳ್ಳಾದ ಚಿಪ್ಪಿನಂತೆ ಅಂಚಿನಲ್ಲಿ ಹೊಳೆಯುತ್ತದೆ. ಪಲ್ಸಾರ್‌ನ ನೀಹಾರಿಕೆಯಾದರೋ ನಡುವು ತುಂಬಿ ಹೊಳೆಯುತ್ತದೆ. ೧೯೯೯ರಲ್ಲಿ ಮೇಲೇರಿದ, ಎಸ್. ಚಂದ್ರಶೇಖರರ ಹೆಸರನ್ನು ಹೊತ್ತ ಚಂದ್ರಾ ದೂರದರ್ಶಕವು ಏಡಿ ನೀಹಾರಿಕೆಯ ನಡುವೆ ಪಲ್ಸಾರನ್ನು ಸುತ್ತಿದ ಉಂಗುರಗಳನ್ನೂ ಅಕ್ಷದ ದಿಕ್ಕಿಗೆ ಚಿಮ್ಮುವ ಧಾರೆಗಳನ್ನೂ ಸ್ಪಷ್ಟವಾಗಿ ತೋರಿಸಿಕೊಟ್ಟಿತು. ಇಂತಹ ಉಂಗುರ-ಧಾರೆಗಳು ಕಂಡಲ್ಲಿ, ಮಿಡಿತವು ಇನ್ನೂ ದೊರೆಯದಿದ್ದರೂ, ಒಳಗೆ ಪಲ್ಸಾರ್ ಇರಬೇಕೆಂದು ಊಹಿಸಬಹುದು.

ಎರಡನೆಯದು ರೋಹಿತ. ಕಾದ ಅನಿಲದ ಕ್ಷ-ಕಿರಣಗಳನ್ನು ಬಿಡಿಸಿ ನೋಡಿದರೆ ಸಿಲಿಕಾನು, ಗಂಧಕ, ಕಬ್ಬಿಣ ಮೊದಲಾದ ಧಾತುಗಳ ರೇಖೆಗಳು ಕಾಣುತ್ತವೆ. ಅಯಸ್ಕಾಂತಕ್ಷೇತ್ರದಲ್ಲಿ ಸುತ್ತುವ ಕಣಗಳ ಕಿರಣಗಳಲ್ಲಿ ಅಂತಹ ರೇಖೆಗಳಿಲ್ಲ; ಶಕ್ತಿಯು ಹೆಚ್ಚಿದಂತೆ ತೇಜಸ್ಸು ಒಂದೇ ಹದದಲ್ಲಿ ಕುಂದುತ್ತ ಹೋಗುತ್ತದೆ.

ಮೂರನೆಯದು ಧ್ರುವೀಕರಣ. ಕಾದ ಅನಿಲದ ಕಿರಣಗಳು ಎಲ್ಲ ದಿಕ್ಕಿಗೂ ಸಮವಾಗಿ ಕಂಪಿಸುತ್ತವೆ. ಅಯಸ್ಕಾಂತಕ್ಷೇತ್ರದ ಕಿರಣಗಳು ಒಂದು ದಿಕ್ಕಿಗೆ ಒಲಿಯುತ್ತವೆ. ೨೦೨೧ರಲ್ಲಿ ಮೇಲೇರಿದ ಐಕ್ಸ್‌ಪಿ ಎಂಬ ಉಪಗ್ರಹವು ವೇಲಾ ನೀಹಾರಿಕೆಯ ಕೆಲವು ಭಾಗಗಳಲ್ಲಿ ನೂರಕ್ಕೆ ಅರುವತ್ತಕ್ಕೂ ಮೀರಿದ ಧ್ರುವೀಕರಣವನ್ನು ಅಳೆಯಿತು.

ನಾಲ್ಕನೆಯದು ಮಿಡಿತ. ಇದೊಂದೇ ಪ್ರತ್ಯಕ್ಷಕ್ಕೆ ಸಮಾನವಾದುದು. ಉಳಿದ ಮೂರೂ ಅನುಮಾನಕ್ಕೆ ಹೇತುಗಳು. ರೇಡಿಯೋ ಧಾರೆಯು ಕಿರಿದಾಗಿರುವುದರಿಂದ ಹಲವು ಪಲ್ಸಾರ್‌ಗಳದು ನಮ್ಮ ಕಡೆಗೆ ತಿರುಗುವುದೇ ಇಲ್ಲ. ಅಂತಹವುಗಳಲ್ಲಿ ಕೆಲವು ಕ್ಷ-ಕಿರಣಗಳಲ್ಲಿಯೇ ಮೊದಲು ಸಿಕ್ಕಿವೆ. ಐನ್‌ಸ್ಟೈನ್ ಎಂಬ ಉಪಗ್ರಹದ ವೀಕ್ಷಣಗಳಿಂದ ೧೯೮೨ರಲ್ಲಿ ಒಂದು, ೧೯೮೪ರಲ್ಲಿ ನಮ್ಮ ನೆರೆಯ ಮೆಗೆಲನ್ ಮೇಘದಲ್ಲಿ ಇನ್ನೊಂದು, ಹೀಗೆ ತರುಣ ಪಲ್ಸಾರ್‌ಗಳು ದೊರೆತುವು. ಅದೇ ಮೇಘದಲ್ಲಿ ೧೯೯೮ರಲ್ಲಿ ದೊರೆತ ಮತ್ತೊಂದು ಪಲ್ಸಾರ್ ಸೆಕೆಂಡಿಗೆ ಅರುವತ್ತಕ್ಕೂ ಹೆಚ್ಚು ಸಲ ತಿರುಗುತ್ತದೆ. ತರುಣ ಪಲ್ಸಾರ್‌ಗಳಲ್ಲಿ ಇದಕ್ಕಿಂತ ವೇಗವುಳ್ಳದ್ದು ತಿಳಿದಿಲ್ಲ.

ಪರ್ವತದಲ್ಲಿ ಹೊಗೆಯನ್ನು ಕಂಡು ಅಗ್ನಿಯನ್ನು ಊಹಿಸುವ ನೈಯಾಯಿಕರ ದೃಷ್ಟಾಂತವು ಇಲ್ಲಿ ಸಂಪೂರ್ಣವಾಗಿ ಹೊಂದಿಕೊಳ್ಳುತ್ತದೆ. ನೀಹಾರಿಕೆಯೇ ಹೊಗೆ, ಪಲ್ಸಾರ್ ಅಗ್ನಿ. ಇವುಗಳ ವ್ಯಾಪ್ತಿಗೆ ಆಧಾರವೇನೆಂದು ಕೇಳಿದರೆ ಉತ್ತರವು ಹೀಗಿದೆ: ಏಡಿ ನೀಹಾರಿಕೆಯಲ್ಲಿ ಕಠಿಣ ಕ್ಷ-ಕಿರಣಗಳನ್ನು ಸೂಸುವ ಎಲೆಕ್ಟ್ರಾನು ತನ್ನ ಶಕ್ತಿಯನ್ನೆಲ್ಲ ಕೆಲವೇ ವರ್ಷಗಳಲ್ಲಿ ಕಳೆದುಕೊಳ್ಳುತ್ತದೆ. ಆದರೆ ನೀಹಾರಿಕೆಯ ವಯಸ್ಸು ಸಾವಿರ ವರ್ಷಗಳ ಸಮೀಪದ್ದು. ಆದಕಾರಣ ಆ ದೀಪಕ್ಕೆ ಇಂದಿಗೂ ಯಾರೋ ಎಣ್ಣೆಯೆರೆಯುತ್ತಿರಬೇಕು. ರೇಡಿಯೋ ತರಂಗಗಳನ್ನು ಸೂಸುವ ಕಣಗಳಾದರೋ ದೀರ್ಘಾಯುಗಳು. ಅವುಗಳನ್ನು ಕಂಡು ಎಣ್ಣೆ ಎರೆದದ್ದು ಇಂದೋ ಹಿಂದೆಂದೋ ಎಂದು ನಿರ್ಣಯಿಸಲಾಗದು. ಕ್ಷ-ಕಿರಣಗಳ ವೈಶಿಷ್ಟ್ಯವು ಇದೇ: ಅವು ವರ್ತಮಾನದ ಪೂರೈಕೆಗೆ ಸಾಕ್ಷಿಗಳು. ಕ್ಷ-ಕಿರಣಗಳಲ್ಲಿ ಏಡಿ ನೀಹಾರಿಕೆಯು ರೇಡಿಯೋದಲ್ಲಿರುವುದಕ್ಕಿಂತ ಚಿಕ್ಕದಾಗಿ, ಪಲ್ಸಾರನ್ನು ಅಪ್ಪಿಕೊಂಡಂತೆ ಕಾಣುವುದಕ್ಕೂ ಇದೇ ಕಾರಣ. ಅಲ್ಪಾಯುಗಳಾದ ಕಣಗಳು ದೂರ ಹೋಗುವ ಮೊದಲೇ ಸೋತುಬಿಡುತ್ತವೆ.

ಹೊಗೆಯಿದ್ದಲ್ಲಿ ಅಗ್ನಿಯೆಂಬುದು ಸರಿ; ಅಗ್ನಿಯಿದ್ದಲ್ಲೆಲ್ಲ ಹೊಗೆಯೆಂದು ಹೇಳಲಾದೀತೆ? ಕಾದ ಕಬ್ಬಿಣದ ಗುಂಡಿನಲ್ಲಿ ಅಗ್ನಿಯುಂಟು, ಹೊಗೆಯಿಲ್ಲ. ಹಸಿ ಕಟ್ಟಿಗೆಯ ಸಂಯೋಗವು ಅಲ್ಲಿ ಉಪಾಧಿ. ಪಲ್ಸಾರ್‌ಗಳ ವಿಷಯದಲ್ಲಿಯೂ ಹೀಗೆಯೇ. ಗಾಳಿಯನ್ನು ತಡೆದು ನಿಲ್ಲಿಸುವ ಸಾಂದ್ರವಾದ ಸುತ್ತುಮುತ್ತಲೂ, ಸಾಕಷ್ಟು ಶೀಘ್ರವಾದ ಭ್ರಮಣವೂ ಇದ್ದಲ್ಲಿ ಮಾತ್ರ ಉಜ್ಜ್ವಲವಾದ ನೀಹಾರಿಕೆಯು ಮೂಡುತ್ತದೆ. ಏಡಿಯಂತಹ ನೀಹಾರಿಕೆಗಳು ವಿರಳವಾಗಿರುವುದನ್ನು ಹಿಡಿದು, ಬಹುಪಾಲು ಪಲ್ಸಾರ್‌ಗಳು ಹುಟ್ಟುವಾಗ ಏಡಿ ಪಲ್ಸಾರ್‌ನಷ್ಟು ವೇಗವಾಗಿ ತಿರುಗುತ್ತಿರಲಿಲ್ಲವೆಂದು ರಾಮನ್ ಸಂಶೋಧನಾಲಯದ ಜಿ. ಶ್ರೀನಿವಾಸನ್ ಮೊದಲಾದವರು ೧೯೮೦ರ ದಶಕದಲ್ಲಿ ವಾದಿಸಿದರು. ಹೊಗೆಯ ಅಭಾವದಿಂದ ಅಗ್ನಿಯ ಅಭಾವವನ್ನು ಊಹಿಸದೆ, ಅಗ್ನಿಯ ಬಗೆಯನ್ನು ಊಹಿಸಿದುದು ಈ ವಾದದ ಸೊಗಸು. ಕಾಶ್ಯಪೀಯದ ದಿಕ್ಕಿನಲ್ಲಿರುವ ಕ್ಯಾಸಿಯೋಪಿಯ-ಎ ಎಂಬ ಸುಮಾರು ಮುನ್ನೂರೈವತ್ತು ವರ್ಷಗಳ ಅವಶೇಷವೂ ಇದಕ್ಕೆ ಪೋಷಕವಾಗಿದೆ. ಅದರ ನಡುವೆ ಬಿಂದುರೂಪದ ತಾರೆಯೊಂದನ್ನು ಚಂದ್ರಾ ದೂರದರ್ಶಕವು ೧೯೯೯ರಲ್ಲಿಯೇ ಕಂಡಿತು; ಅದಕ್ಕೆ ನೀಹಾರಿಕೆಯೂ ಇಲ್ಲ, ಮಿಡಿತವೂ ದೊರೆತಿಲ್ಲ.

೪. ಒಂದೇ ವಸ್ತುವಿಗೆ ಮೂರು ಕಾಲಗಳು

ಪಲ್ಸಾರನ್ನು ಗುರುತಿಸಿದ ಮೇಲೆ ಅದರ ವಯಸ್ಸಿನ ಪ್ರಶ್ನೆ. ಭ್ರಮಣದ ಅವಧಿಯನ್ನೂ ಆ ಅವಧಿಯು ಬೆಳೆಯುವ ವೇಗವನ್ನೂ ಅಳೆದರೆ, ಅವಧಿಯನ್ನು ಆ ವೇಗದ ಇಮ್ಮಡಿಯಿಂದ ಭಾಗಿಸಿ ಒಂದು ವಯಸ್ಸನ್ನು ಪಡೆಯಬಹುದು. ಇದಕ್ಕೆ ಲಾಕ್ಷಣಿಕ ವಯಸ್ಸೆಂದು ಹೆಸರಿಡಬಹುದು. ಏಡಿ ಪಲ್ಸಾರ್‌ನ ಅವಧಿಯು ಸೆಕೆಂಡಿನ ಸಾವಿರದಲ್ಲಿ ಸುಮಾರು ೩೩ ಪಾಲು. ಅದು ದಿನವೊಂದಕ್ಕೆ ಸೆಕೆಂಡಿನ ನೂರು ಕೋಟಿಯಲ್ಲಿ ಸುಮಾರು ೩೬ ಪಾಲಿನಂತೆ ಬೆಳೆಯುತ್ತದೆ. ಇದರಿಂದ ಸುಮಾರು ೧೨೫೦ ವರ್ಷಗಳ ವಯಸ್ಸು ದೊರೆಯುತ್ತದೆ. ಹಾಗಾದರೆ ಆ ಸ್ಫೋಟದ ಬೆಳಕು ಭೂಮಿಯನ್ನು ಮುಟ್ಟಿದ್ದು ಕ್ರಿ. ಶ. ಎಂಟನೆಯ ಶತಮಾನದ ಮಧ್ಯಭಾಗದಲ್ಲಿ, ಪಟ್ಟದಕಲ್ಲಿನ ವಿರೂಪಾಕ್ಷಾಲಯವು ನಿರ್ಮಿತವಾದ ಕಾಲದ ಆಸುಪಾಸಿನಲ್ಲಿ, ಎಂದಾಗಬೇಕು.

ಇನ್ನೊಂದು ಮಾರ್ಗವುಂಟು. ನೀಹಾರಿಕೆಯ ತಂತುಗಳು ಹಿಗ್ಗುತ್ತಿರುವ ವೇಗವನ್ನು ಹಲವು ವರ್ಷಗಳ ಚಿತ್ರಗಳಿಂದ ಅಳೆದು, ಅವೆಲ್ಲವೂ ಒಂದೆಡೆ ಕೂಡಿದ್ದ ಕಾಲವನ್ನು ಹಿಮ್ಮುಖವಾಗಿ ಎಣಿಸುವುದು. ವರ್ಜೀನಿಯಾ ಟ್ರಿಂಬಲ್ ಎಂಬ ವಿದುಷಿಯು ೧೯೬೮ರಲ್ಲಿ ಹೀಗೆ ಎಣಿಸಿದಾಗ ಕ್ರಿ. ಶ. ೧೧೪೦ರ ಸುಮಾರು ಎಂಬ ಫಲವು ಬಂದಿತು. ಅದು ಕಲ್ಯಾಣದ ಚಾಳುಕ್ಯರಲ್ಲಿ ಎರಡನೆಯ ಜಗದೇಕಮಲ್ಲನ ಕಾಲ.

ಒಂದೇ ವಸ್ತುವಿಗೆ ನಾಲ್ಕು ಶತಮಾನಗಳ ಅಂತರದಲ್ಲಿ ಎರಡು ಜನ್ಮಕಾಲಗಳು! ಈ ವಿವಾದವನ್ನು ತೀರ್ಮಾನಿಸಿದುದು ಯಾವ ಯಂತ್ರವೂ ಅಲ್ಲ, ಗ್ರಂಥ. ಚೀನದ ಸೋಂಗ್ ವಂಶದ ಆಸ್ಥಾನದ ಜ್ಯೋತಿಷಿಗಳು ೧೦೫೪ರ ಜುಲೈ ೪ರಂದು ವೃಷಭದ ಕೊಂಬಿನ ತಾರೆಯ ಬಳಿ ಅತಿಥಿತಾರೆಯೊಂದು ಮೂಡಿತೆಂದೂ, ಇಪ್ಪತ್ತಮೂರು ದಿನ ಹಗಲಿನಲ್ಲಿಯೂ ಕಂಡಿತೆಂದೂ, ೧೦೫೬ರ ವಸಂತದಲ್ಲಿ ಅಡಗಿತೆಂದೂ ಬರೆದಿಟ್ಟರು. ಜಪಾನಿನ ಬರಹಗಳಲ್ಲಿಯೂ ಇದರ ಉಲ್ಲೇಖವಿದೆ. ಲೈಡನ್ನಿನ ಚೀನೀಭಾಷಾಪಂಡಿತರಾದ ಡೈವೆಂಡಾಕ್ ಅವರು ಈ ಲೇಖಗಳನ್ನು ಶೋಧಿಸಿ ಅನುವಾದಿಸಿದುದರಿಂದ, ೧೯೪೨ರಲ್ಲಿ ಊರ್ಟ್ ಮತ್ತು ಮೇಯಾಲ್ ಎಂಬ ಖಗೋಳಜ್ಞರು ಏಡಿ ನೀಹಾರಿಕೆಯು ಆ ಅತಿಥಿತಾರೆಯ ಅವಶೇಷವೆಂಬುದನ್ನು ಸ್ಥಾಪಿಸಿದರು. ಭಾಷಾಪಂಡಿತನೂ ಖಗೋಳಜ್ಞನೂ ಕೂಡಿ ದುಡಿದುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವು ಅಪೂರ್ವ.

ಕಾಲವು ಸ್ಥಿರವಾದ ಮೇಲೆ ಎರಡು ಅನುಮಾನಗಳ ದೋಷಗಳೂ ಹೊರಬಿದ್ದುವು. ಆ ದೋಷಗಳೇ ಹೊಸ ಜ್ಞಾನಕ್ಕೆ ಕಾರಣವಾದುವು. ಲಾಕ್ಷಣಿಕ ವಯಸ್ಸು ಹೆಚ್ಚಾಗಿ ಬಂದುದೇಕೆ? ಪಲ್ಸಾರ್ ಹುಟ್ಟುವಾಗ ಅದರ ಅವಧಿಯು ಶೂನ್ಯಕ್ಕೆ ಸಮೀಪವಾಗಿತ್ತೆಂದು ಆ ಲೆಕ್ಕವು ಭಾವಿಸುತ್ತದೆ. ವಾಸ್ತವವಾಗಿ ಅದು ಸೆಕೆಂಡಿನ ಸಾವಿರದಲ್ಲಿ ಹದಿನಾರರಿಂದ ಇಪ್ಪತ್ತು ಪಾಲಿನಷ್ಟಿದ್ದಿರಬೇಕು. ಹಿಗ್ಗಿನ ಲೆಕ್ಕವು ಈಚೆಗೆ ಬಂದುದೇಕೆ? ತಂತುಗಳ ವೇಗವು ಬದಲಾಗಿಲ್ಲವೆಂದು ಆ ಲೆಕ್ಕವು ಭಾವಿಸುತ್ತದೆ. ಪಲ್ಸಾರ್‌ನ ಗಾಳಿಯು ಅವುಗಳನ್ನು ಒಳಗಿನಿಂದ ನೂಕಿ ವೇಗವನ್ನು ಹೆಚ್ಚಿಸಿದೆ. ಏಡಿ ಪಲ್ಸಾರ್‌ನ ಜನ್ಮವರ್ಷವು ಗ್ರಂಥದಿಂದ ದೊರೆಯದೆ ಹೋಗಿದ್ದರೆ ಈ ಎರಡು ಸಂಗತಿಗಳನ್ನೂ ಇಷ್ಟು ದೃಢವಾಗಿ ಹೇಳುವುದಕ್ಕೆ ಅವಕಾಶವಿರುತ್ತಿರಲಿಲ್ಲ. ಮೇಗುಟಿಯ ಶಾಸನವು ಲಿಪಿಶಾಸ್ತ್ರಕ್ಕೆ ಹೇಗೋ ಈ ಚೀನೀಲೇಖವು ಪಲ್ಸಾರ್‌ಶಾಸ್ತ್ರಕ್ಕೆ ಹಾಗೆ.

೫. ಹೊಂದಾಣಿಕೆಯಲ್ಲಿ ಸಂಭವಿಸುವ ಭ್ರಾಂತಿ

ಗ್ರಂಥದ ಮಾತನ್ನು ವಸ್ತುವಿಗೆ ಹೊಂದಿಸುವುದರಲ್ಲಿ ಅಪಾಯವೂ ಉಂಟು. ಇದಕ್ಕೆ ಎರಡು ದೃಷ್ಟಾಂತಗಳನ್ನು ಕೊಡಬಹುದು.

ಕ್ರಿ. ಶ. ೩೮೬ರಲ್ಲಿ ಚೀನದವರು ಧನುರಾಶಿಯ ಕಡೆ ಅತಿಥಿತಾರೆಯೊಂದನ್ನು ಕಂಡರು. ಜಿ ೧೧.೨–೦.೩ ಎಂಬ ಅವಶೇಷವು ಅದರದೆಂದು ಹಲವರು ನಂಬಿದ್ದರು. ೧೯೯೭ರಲ್ಲಿ ಜಪಾನಿನ ಆಸ್ಕಾ ಉಪಗ್ರಹದ ವೀಕ್ಷಣಗಳಿಂದ ಅದರೊಳಗೆ ಪಲ್ಸಾರ್ ದೊರೆಯಿತು. ಅದರ ಲಾಕ್ಷಣಿಕ ವಯಸ್ಸು ಇಪ್ಪತ್ತು ಸಾವಿರ ವರ್ಷಗಳಿಗೂ ಮೀರಿತ್ತು. ಚಂದ್ರಾ ದೂರದರ್ಶಕವು ಆ ಪಲ್ಸಾರ್ ಅವಶೇಷದ ನಟ್ಟನಡುವೆಯೇ ಇರುವುದನ್ನು ತೋರಿಸಿತು. ಅಷ್ಟು ಸಾವಿರ ವರ್ಷ ಕಳೆದಿದ್ದರೆ ಅದು ನಡುವಿನಿಂದ ಸರಿದಿರಬೇಕಾಗಿತ್ತು. ಆದುದರಿಂದ ಲಾಕ್ಷಣಿಕ ವಯಸ್ಸೇ ತಪ್ಪು, ಪಲ್ಸಾರ್ ತರುಣವೇ ಎಂದಾಯಿತು. ಇಲ್ಲಿಗೆ ಗ್ರಂಥಕ್ಕೆ ಜಯವೆಂದು ತೋರಬಹುದು. ಆದರೆ ೨೦೧೬ರಲ್ಲಿ ಚಂದ್ರಾ ಚಿತ್ರಗಳಿಂದಲೇ ಅವಶೇಷದ ಹಿಗ್ಗನ್ನು ಅಳೆದಾಗ ಅದರ ವಯಸ್ಸು ೧೪೦೦ರಿಂದ ೨೪೦೦ ವರ್ಷಗಳ ನಡುವಿನದೆಂದು ತಿಳಿದರೂ, ನಡುವಣ ಧೂಳಿನ ತೆರೆಯು ಎಷ್ಟು ದಟ್ಟವಾಗಿದೆಯೆಂದರೆ ಆ ಸ್ಫೋಟವು ಬರಿಗಣ್ಣಿಗೆ ಕಾಣಲು ಸಾಧ್ಯವೇ ಇರಲಿಲ್ಲವೆಂದು ಗೊತ್ತಾಯಿತು. ವಯಸ್ಸು ಹೊಂದಿತು, ಗುರುತು ಹೊಂದಲಿಲ್ಲ.

ಎರಡನೆಯದು ೧೧೮೧ರ ಅತಿಥಿತಾರೆ. ಅದು ಆರು ತಿಂಗಳ ಕಾಲ ಕಂಡುದನ್ನು ಚೀನದವರೂ ಜಪಾನಿನವರೂ ಬರೆದಿದ್ದಾರೆ. ೩ಸಿ ೫೮ ಎಂಬ ನೀಹಾರಿಕೆಯು ಅದರ ಅವಶೇಷವೆಂದು ದೀರ್ಘಕಾಲ ಗಣಿಸಲ್ಪಟ್ಟಿತು. ಅದರ ಪಲ್ಸಾರನ್ನು ೨೦೦೨ರಲ್ಲಿ ಚಂದ್ರಾ ಕಂಡಿತು. ಲಾಕ್ಷಣಿಕ ವಯಸ್ಸು ಸುಮಾರು ೫೪೦೦ ವರ್ಷ. ಲಾಕ್ಷಣಿಕ ವಯಸ್ಸು ತಪ್ಪಬಹುದೆಂಬುದು ಹಿಂದಿನ ದೃಷ್ಟಾಂತದಿಂದ ತಿಳಿದಿದ್ದರೂ, ನೀಹಾರಿಕೆಯು ಹಿಗ್ಗುವ ವೇಗವೂ ಸಾವಿರಾರು ವರ್ಷಗಳನ್ನೇ ಸೂಚಿಸಿತು. ಕೊನೆಗೆ ೨೦೧೩ರಲ್ಲಿ ಹವ್ಯಾಸಿಯೊಬ್ಬರು ಕಂಡುಹಿಡಿದ ಪಾ ೩೦ ಎಂಬ ಬೇರೊಂದು ನೀಹಾರಿಕೆಯು, ತನ್ನ ಸ್ಥಾನದಿಂದಲೂ ಹಿಗ್ಗಿನಿಂದಲೂ, ೧೧೮೧ರ ತಾರೆಗೆ ಹೆಚ್ಚು ಯೋಗ್ಯವಾದುದೆಂದು ೨೦೨೧ರಲ್ಲಿ ಪ್ರತಿಪಾದಿತವಾಯಿತು. ಅದರಲ್ಲಿ ಪಲ್ಸಾರ್ ಇಲ್ಲ. ಸ್ಫೋಟದ ಬಗೆಯೇ ಬೇರೆ. ಬರಹವು ಸುಳ್ಳಾಗಲಿಲ್ಲ, ಬರಹವನ್ನು ಅಂಟಿಸಿದ್ದ ವಸ್ತುವು ಮಾತ್ರ ಬದಲಾಯಿತು. ಹೆಸರಿನ ಸಾಮ್ಯದಿಂದ ಒಬ್ಬ ಅರಸನ ಶಾಸನವನ್ನು ಇನ್ನೊಬ್ಬನಿಗೆ ಕಟ್ಟಿ, ತರುವಾಯ ಬಿಡಿಸಿಕೊಂಡ ಅನುಭವವುಳ್ಳ ಶಾಸನಜ್ಞರಿಗೆ ಇದು ಹೊಸದೆನಿಸದು.

೬. ಕನ್ನಡನಾಡಿನ ಮೌನ

ಕ್ರಿ. ಶ. ೧೦೫೪ರ ಜುಲೈ ಎಂದರೆ ಶಕ ೯೭೬, ಜಯಸಂವತ್ಸರದ ಆಷಾಢ ಬಹುಳ. ಕಲ್ಯಾಣದಲ್ಲಿ ಆಹವಮಲ್ಲ ಸೋಮೇಶ್ವರನು ಆಳುತ್ತಿದ್ದನು. ಚೋಳ ರಾಜಾಧಿರಾಜನು ಮಡಿದ ಕೊಪ್ಪಂ ಯುದ್ಧವು ನಡೆದುದೂ ಇದೇ ಸುಮಾರಿನಲ್ಲಿ. ಬಾದಾಮಿಯಲ್ಲಿ ನಿಂತು ನೋಡುವವನಿಗೆ ಆ ತಾರೆಯು ನೆತ್ತಿಯಿಂದ ಐದಾರು ಅಂಶಗಳಷ್ಟೇ ಉತ್ತರಕ್ಕೆ ಹಾಯ್ದುಹೋಗುತ್ತಿದ್ದಿರಬೇಕು. ಆದರೂ ಅದನ್ನು ಸಂಶಯಕ್ಕೆಡೆಯಿಲ್ಲದಂತೆ ಹೇಳುವ ಭಾರತೀಯ ಗ್ರಂಥವಾಗಲಿ ಶಾಸನವಾಗಲಿ ವಿದ್ವನ್ಮಾನ್ಯವಾಗಿಲ್ಲ.

ಆಷಾಢದ ಮೋಡಗಳು ಕಾರಣವೆನ್ನಬಹುದೆ? ಮೊದಲ ಕೆಲವು ವಾರಗಳಿಗೆ ಅದು ಸಲ್ಲಬಹುದು. ಆದರೆ ತಾರೆಯು ರಾತ್ರಿಯಲ್ಲಿ ಒಂದೂವರೆ ವರ್ಷಕ್ಕೂ ಮೀರಿ ಕಂಡಿತು. ಕಾರ್ತಿಕ-ಮಾರ್ಗಶಿರಗಳ ನಿರ್ಮಲಾಕಾಶದಲ್ಲಿ ವೃಷಭವು ಇಡಿಯ ರಾತ್ರಿ ಕಾಣುವುದೆಂಬುದು ಎಲ್ಲರಿಗೂ ತಿಳಿದುದೇ. ಜ್ಯೋತಿಷಿಗಳಿರಲಿಲ್ಲವೆನ್ನುವಂತೆಯೂ ಇಲ್ಲ. ಕನ್ನಡದ ಜ್ಯೋತಿಷಗ್ರಂಥವಾದ ಶ್ರೀಧರಾಚಾರ್ಯನ ಜಾತಕತಿಲಕವು ೧೦೪೯ರಲ್ಲಿ, ತಾರೆಯು ಮೂಡುವ ಐದೇ ವರ್ಷಗಳ ಮೊದಲು, ಇದೇ ಆಹವಮಲ್ಲನ ಕಾಲದಲ್ಲಿ ರಚಿತವಾಗಿದೆ. ೧೧೮೧ರ ತಾರೆಯ ಕಾಲಕ್ಕಾದರೋ ಭಾಸ್ಕರಾಚಾರ್ಯನೇ ಜೀವಿಸಿದ್ದನು. ಅವನ ಕರಣಕುತೂಹಲದ ಕಾಲವು ಶಕ ೧೧೦೫, ಎಂದರೆ ೧೧೮೩.

ಮೌನದ ಕಾರಣವನ್ನು ಶಾಸ್ತ್ರಗಳ ವಿಭಾಗದಲ್ಲಿ ಹುಡುಕುವುದು ಯುಕ್ತವೆಂದು ತೋರುತ್ತದೆ. ಸಿದ್ಧಾಂತಗ್ರಂಥಗಳಿಗೆ ವಿಷಯವು ಗಣಿತಕ್ಕೆ ಒಳಪಡುವ, ಮತ್ತೆ ಮತ್ತೆ ಬರುವ ಗ್ರಹಗತಿ. ಒಮ್ಮೆ ಮೂಡಿ ಅಡಗುವ ತಾರೆಗೆ ಅಲ್ಲಿ ಎಡೆಯಿಲ್ಲ. ಅಂತಹವು ಸಂಹಿತಾಗ್ರಂಥಗಳ ಕೇತುಚಾರಕ್ಕೂ ಉತ್ಪಾತಪ್ರಕರಣಕ್ಕೂ ಸೇರತಕ್ಕವು. ಅಲ್ಲಿಯಾದರೋ ಲಕ್ಷಣವೂ ಫಲವೂ ಮುಖ್ಯ, ವರ್ಷ-ತಿಥಿಗಳು ಅಮುಖ್ಯ. ಶಾಸನಗಳು ಗ್ರಹಣ-ಸಂಕ್ರಮಣಗಳನ್ನು ಎಡೆಬಿಡದೆ ಹೇಳುವುದು ಅವು ದಾನಕ್ಕೆ ಪುಣ್ಯಕಾಲಗಳೆಂಬ ಕಾರಣದಿಂದ; ಆಕಾಶದ ವಾರ್ತೆಯೆಂಬ ಕಾರಣದಿಂದಲ್ಲ. ಅತಿಥಿತಾರೆಯು ಪುಣ್ಯಕಾಲಗಳ ಪಟ್ಟಿಗೆ ಸೇರಿದುದಲ್ಲ. ಚೀನದಲ್ಲಿ ಆಕಾಶವನ್ನು ಪ್ರತಿರಾತ್ರಿಯೂ ನೋಡಿ ಅರಸನಿಗೆ ವರದಿಯೊಪ್ಪಿಸುವುದಕ್ಕೆ ಅಧಿಕಾರಿಗಳೇ ನಿಯುಕ್ತರಾಗಿದ್ದರು; ಆ ವರದಿಗಳು ರಾಜವಂಶದ ಇತಿಹಾಸಗಳಲ್ಲಿ ಸೇರಿ ಉಳಿದುವು. ಇಲ್ಲಿ ಕಂಡವರಿಲ್ಲವೆಂದಲ್ಲ, ಕಂಡುದನ್ನು ವರ್ಷದೊಡನೆ ಬರೆದಿಡುವ ಸ್ಥಾನವಿರಲಿಲ್ಲವೆಂದು ಭಾವಿಸುವುದು ಸಮಂಜಸ.

ಹೀಗಿರುವಲ್ಲಿ ಸಾಹಿತ್ಯಾಧ್ಯಾಪಕರಿಗೂ ಶಾಸನಜ್ಞರಿಗೂ ಎರಡು ಕರ್ತವ್ಯಗಳು ಒದಗುತ್ತವೆ. ಒಂದನೆಯದು ಶೋಧ. ಶಕ ೯೭೬ರಿಂದ ೯೭೮ರವರೆಗಿನ ಹಾಗೂ ಶಕ ೧೧೦೩ರ ಶಾಸನಗಳನ್ನೂ, ಮಳೆ-ಭೂಕಂಪ-ಉತ್ಪಾತಗಳನ್ನು ಹೇಳುವ ರಟ್ಟಕವಿಯ ರಟ್ಟಮತದಂತಹ ಕನ್ನಡ ಗ್ರಂಥಗಳನ್ನೂ, ಓಲೆಗರಿಗಳ ಅಂಚಿನ ಬರಹಗಳನ್ನೂ ಈ ದೃಷ್ಟಿಯಿಂದ ಮತ್ತೊಮ್ಮೆ ನೋಡುವುದು. ಬಗ್ದಾದಿನ ವೈದ್ಯನಾದ ಇಬ್ನ್ ಬುತ್ಲಾನನು ಇದೇ ತಾರೆಯನ್ನು ಕುರಿತು ಹೇಳಿದ ಮಾತು ವೈದ್ಯರ ಚರಿತ್ರೆಯ ಗ್ರಂಥದಲ್ಲಿ ಅಡಗಿದ್ದು, ೧೯೭೮ರಲ್ಲಿ ಮಾತ್ರ ಖಗೋಳಜ್ಞರ ಗಮನಕ್ಕೆ ಬಂದಿತು. ಜ್ಯೋತಿಷದಲ್ಲಿ ದೊರೆಯದುದು ವೈದ್ಯದಲ್ಲಿ ದೊರೆತಂತೆ ಇಲ್ಲಿಯೂ ಅನಿರೀಕ್ಷಿತವಾದ ಎಡೆಯಲ್ಲಿ ದೊರೆಯಬಾರದೆಂದಿಲ್ಲ.

ಎರಡನೆಯದು ಸಂಯಮ. ಕಾವ್ಯದಲ್ಲಿ ಹೊಸ ತಾರೆಯೆಂಬ ಮಾತು ಬಂದ ಮಾತ್ರಕ್ಕೆ ಅದನ್ನು ಸ್ಫೋಟದ ವಾರ್ತೆಯೆಂದು ಹಿಡಿಯಲಾಗದು. ಉತ್ಪ್ರೇಕ್ಷೆಯೂ ರೂಪಕವೂ ಕವಿಸಮಯವೂ ಅಲ್ಲಿ ಬಾಧಕಗಳು. ದಿಕ್ಕು, ನಕ್ಷತ್ರ, ಕಾಲ, ಕಂಡ ದಿನಗಳ ಸಂಖ್ಯೆ, ಚಲನೆಯ ಅಭಾವ, ಇವುಗಳಲ್ಲಿ ಹಲವಾದರೂ ಕೂಡಿಬರಬೇಕು. ೩ಸಿ ೫೮ರ ವೃತ್ತಾಂತವು ಆತುರದ ಹೊಂದಾಣಿಕೆಗೆ ಎಚ್ಚರಿಕೆಯಾಗಿ ನಿಂತಿದೆ.

ಇಂತಹ ಲೇಖವೊಂದು ದೊರೆತರೆ ಅದರ ಬೆಲೆಯು ಕನ್ನಡಕ್ಕೆ ಮಾತ್ರ ಸೀಮಿತವಾಗದು. ಕ್ಷ-ಕಿರಣಗಳಿಂದ ಗುರುತಿಸಲ್ಪಟ್ಟ ತರುಣ ಪಲ್ಸಾರ್‌ಗಳಲ್ಲಿ ಜನ್ಮವರ್ಷವು ಬರಹದಿಂದ ಖಚಿತವಾಗಿ ತಿಳಿದಿರುವುದು ಏಡಿಯದು ಮಾತ್ರ. ಕೆಸ್ ೭೫ ಎಂಬ ಅವಶೇಷದ ಪಲ್ಸಾರ್‌ಗೆ ಲಾಕ್ಷಣಿಕ ವಯಸ್ಸು ಏಳುನೂರು ವರ್ಷಗಳಿಗೆ ಮೇಲ್ಪಟ್ಟರೆ, ಚಂದ್ರಾ ಚಿತ್ರಗಳಲ್ಲಿ ಅದರ ನೀಹಾರಿಕೆಯು ಹಿಗ್ಗುವ ವೇಗದಿಂದ ಐನೂರು ವರ್ಷಗಳಿಗೂ ಕಡಮೆಯೆಂದು ಬರುತ್ತದೆ. ಹಾಗಾದರೆ ಅದರ ಬೆಳಕು ವಿಜಯನಗರದ ತುಳುವ ಅರಸರ ಕಾಲದ ಸುಮಾರಿನಲ್ಲಿ ಭೂಮಿಗೆ ತಲುಪಿರಬೇಕು. ಧೂಳಿನ ಮರೆಯಲ್ಲಿರುವುದರಿಂದ ಅದಕ್ಕೆ ಮನುಷ್ಯರ ಸಾಕ್ಷ್ಯವು ದೊರೆಯುವಂತಿಲ್ಲ. ಕಾಲ ಬರೆಯದ ಶಾಸನಗಳೇ ಹೆಚ್ಚಾಗಿರುವ ಆಕಾಶದಲ್ಲಿ ಕಾಲವನ್ನು ಹೇಳುವ ಶಾಸನವು ಒಂದೇ. ಮೇಗುಟಿಯ ಕಲ್ಲಿನಲ್ಲಿ ವರ್ಷವನ್ನು ಎರಡು ಬಗೆಯಿಂದ ಎಣಿಸಿ ಕೆತ್ತಿಸಿದ ರವಿಕೀರ್ತಿಯ ಎಚ್ಚರಿಕೆಯು ಎಷ್ಟು ದೊಡ್ಡದೆಂಬುದು, ಬೆಂಗಳೂರಿನಲ್ಲಿ ನಿರ್ಮಿತವಾದ ಯಂತ್ರವೊಂದು ಏಡಿಯ ಮಿಡಿತವನ್ನು ಎಣಿಸುವಾಗ ಇನ್ನೊಮ್ಮೆ ಮನವರಿಕೆಯಾಗುತ್ತದೆ.